ಚೆರ್ವೀನೊ ಪರ್ವತದ ಮಾರ್ಗದರ್ಶಿ ಕಾರೆಲ್

ಇಟಲಿ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ಗಡಿಯು ಆಲ್ಪ್ಸ್ ಪರ್ವತಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ. ಆ ಗಡಿಯಲ್ಲಿ 4,478 ಮೀಟರು ಎತ್ತರಕ್ಕೆ, ನೆಟ್ಟ ಶೂಲದಂತೆ ನಿಂತಿರುವ ಶಿಖರವನ್ನು ಇಟಲಿಯವರು ಚೆರ್ವೀನೊ ಎಂದೂ ಆಚೆಯವರು ಮ್ಯಾಟರ್‌ಹಾರ್ನ್ ಎಂದೂ ಕರೆಯುವರು. ಇಂದು ಪ್ರವಾಸಿಗರು ಮಾರ್ಗದರ್ಶಿಗಳ ಹಿಂದೆ ನಡೆದು, ಒಂದು ತಂಗುಮನೆಯಿಂದ ಮತ್ತೊಂದಕ್ಕೆ ದಿನಗಟ್ಟಲೆ ಸಾಗಿ ಆ ಸೀಮೆಯನ್ನು ನೋಡಿ ಬರುತ್ತಾರೆ. ಹಾಗೆ ಕರೆದೊಯ್ಯುವ ವೃತ್ತಿಗೆ ಮಾನ ತಂದವರಲ್ಲಿ ಜಾಂ ಆಂತ್ವಾನ್ ಕಾರೆಲ್ ಒಬ್ಬನು. ಅರಸರ ಚರಿತ್ರೆಯನ್ನು ಬೇಕಾದಷ್ಟು ಓದಿರುವ ನಮ್ಮ ವಾಚಕರಿಗೆ, ಪರರ ಗಂಟು ಹೊತ್ತು ಬಾಳಿದವನ ಕಥೆಯೂ ರುಚಿಸೀತೆಂದು ಭಾವಿಸುತ್ತೇವೆ.

ಅವನು ಹುಟ್ಟಿದ್ದು 1829ರಲ್ಲಿ, ಪರ್ವತದ ಬುಡದ ವಾಲ್‌ತೂರ್ನಾಂಶ್ ಎಂಬ ಹಳ್ಳಿಯಲ್ಲಿ. ಯೌವನದಲ್ಲಿ ಬೆರ್ಸಾಲ್ಯೇರಿ ಎಂಬ ಕಾಲಾಳು ಪಡೆಯಲ್ಲಿದ್ದುದರಿಂದ ಊರವರು ಕೊನೆಯವರೆಗೂ ಅವನನ್ನು ಆ ಹೆಸರಿನಿಂದಲೇ ಕರೆದರು. ಶಿಖರದ ಮೇಲೆ ಭೂತಪ್ರೇತಗಳು ವಾಸವಾಗಿವೆಯೆಂದು ಜನರು ನಂಬಿದ್ದ ಕಾಲವದು. 1857ರಲ್ಲಿ ಕಾರೆಲ್ಲನು ಇಬ್ಬರು ಊರಿನವರೊಡನೆ ಆ ಕಡೆ ಮೊದಲ ಪ್ರಯತ್ನ ಮಾಡಿದನು.

1862ರಲ್ಲಿ ಜಾನ್ ಟಿಂಡಲ್ ಎಂಬ ಪ್ರಸಿದ್ಧ ಐರಿಷ್ ವಿಜ್ಞಾನಿಯು ಹತ್ತಲು ಬಂದನು. ಮಾರ್ಗದರ್ಶಿಗಳನ್ನು ಸ್ವಿಟ್ಜರ್ಲೆಂಡಿನಿಂದಲೇ ಕರೆತಂದು, ಕಾರೆಲ್ಲನನ್ನು ಹೊರೆ ಹೊರಲು ಮಾತ್ರ ಗೊತ್ತುಮಾಡಿಕೊಂಡನು. ಶಿಖರವು ಕೈಗೆ ಸಿಕ್ಕೀತೆನ್ನುವಷ್ಟು ಹತ್ತಿರವಾದಾಗ ದಾರಿ ತೋಚದಾಯಿತು. ಆಗ ಅಭಿಪ್ರಾಯ ಕೇಳಲು, ತಾವು ಬರಿಯ ಹಮಾಲರು, ಮಾರ್ಗದರ್ಶಿಗಳನ್ನೇ ಕೇಳಬೇಕೆಂದು ಉತ್ತರ ಬಂದಿತು. ತಂಡವು ಹಿಂದಿರುಗಿತು. ಒಲೆಯ ಮುಂದೆಯೂ ಗಲ್ಲಾದ ಹಿಂದೆಯೂ ವರ್ಷಗಳನ್ನು ಕಳೆದ ನಮಗೆ ಈ ಉತ್ತರದ ಒಳಗಿನ ನೋವು ತಿಳಿಯುತ್ತದೆ. ಬಲ್ಲವನಿಗೆ ಕೂಲಿಯ ಸಂಬಳ ಕೊಟ್ಟು, ಸಂಕಟ ಬಂದಾಗ ಅವನ ಬುದ್ಧಿಯನ್ನು ಪುಕ್ಕಟೆ ಕೇಳುವ ವಾಡಿಕೆಯು ಆಲ್ಪ್ಸಿನಲ್ಲಿ ಮಾತ್ರ ಇರುವುದಲ್ಲ.

1865ರ ಜುಲೈ ತಿಂಗಳ ಪ್ರಸಂಗದಲ್ಲಿ ಕಾರೆಲ್ಲನನ್ನು ಪೂರ್ಣವಾಗಿ ಸಮರ್ಥಿಸಲಾರೆವು. ಎಡ್ವರ್ಡ್ ವಿಂಪರ್ ಎಂಬ ಆಂಗ್ಲ ತರುಣನು ಅವನ ಹಳೆಯ ಯಜಮಾನ. ಆ ಸಲವೂ ಅವನನ್ನೇ ನೆಚ್ಚಿದ್ದನು. ಆದರೆ ಇಟಲಿಯ ಪರ್ವತಾರೋಹಿಗಳ ಪರವಾಗಿ ಇಂಜಿನಿಯರ್ ಜೊರ್ಡಾನೊ ಗುಟ್ಟಾಗಿ ಏರ್ಪಾಡು ಮಾಡಿದ್ದನು. ಕಾರೆಲ್ಲನು ಸ್ವದೇಶದವರ ಕಡೆ ಹೋದನು. ವಿಂಪರನಿಗೆ ನಿಜ ಹೇಳಲಿಲ್ಲ. ವಿಂಪರನು ಗಡಿ ದಾಟಿ ಆಚೆಯ ಬದಿಯಿಂದ ಹತ್ತಿ 14ರಂದು ಶಿಖರ ಮುಟ್ಟಿದನು. ಕೆಳಗೆ ಇನ್ನೂ ಹತ್ತುತ್ತಿದ್ದ ಕಾರೆಲ್ಲನ ತಂಡಕ್ಕೆ ಕಾಣಲೆಂದು ಕೂಗಿ, ಕಲ್ಲುಗಳನ್ನು ಉರುಳಿಸಿದನು. ಕಾರೆಲ್ಲನು ಮನಮುರಿದು ಇಳಿದನು. ಆದರೆ ಗೆದ್ದವರಿಗೂ ಸುಖವಾಗಲಿಲ್ಲ. ಇಳಿಯುವಾಗ ಹಗ್ಗ ಹರಿದು ಏಳು ಮಂದಿಯಲ್ಲಿ ನಾಲ್ವರು ಪ್ರಪಾತಕ್ಕೆ ಬಿದ್ದು ಸತ್ತರು.

ಕಾರೆಲ್ಲನು ಮತ್ತೆ ಹೊರಟನು. ಹಣ ಕೊಟ್ಟ ಜೊರ್ಡಾನೊ ತಾನೂ ಬರುವೆನೆಂದರೂ ಒಪ್ಪಲಿಲ್ಲ. ಹೊಸ ದಾರಿಯಲ್ಲಿ ಪ್ರವಾಸಿಗನ ಹೊಣೆ ಹೊರಲಾರೆನೆಂದನು. 17ರಂದು ಅವನೂ ಬಿಚ್ ಎಂಬುವನೂ ಇಟಲಿಯ ಕಡೆಯಿಂದ ತುದಿ ಮುಟ್ಟಿದರು. ಗೊರೆ ಎಂಬ ಪಾದ್ರಿಯೂ ಮೈನೆ ಎಂಬುವನೂ ಸ್ವಲ್ಪ ಕೆಳಗೆ ಉಳಿದರು. ಹಿಂದಿರುಗುವವರನ್ನು ಕಠಿಣವಾದ ಒಂದೆಡೆಯಲ್ಲಿ ಮೇಲಕ್ಕೆ ಎಳೆದುಕೊಳ್ಳಲು ಯಾರಾದರೂ ಅಲ್ಲಿರಬೇಕಿತ್ತು. ಶಿಖರದ ಸಮೀಪಕ್ಕೆ ಬಂದು ಅದನ್ನು ಬಿಟ್ಟುಕೊಟ್ಟ ಈ ಇಬ್ಬರನ್ನು ನಾವು ಕಡಿಮೆಯೆಂದು ಎಣಿಸುವುದಿಲ್ಲ.

ವಿಂಪರನು ಹಗೆ ಸಾಧಿಸಲಿಲ್ಲ. ದಕ್ಷಿಣ ಅಮೆರಿಕಕ್ಕೆ ಹೊರಟಾಗ ಕಾರೆಲ್ಲನನ್ನೇ ಜತೆಗೆ ಕರೆದೊಯ್ದನು. 1880ರ ಜನವರಿಯಲ್ಲಿ ಅವರು ಚಿಂಬೊರಾಜೊ ಶಿಖರವನ್ನು ಮೊದಲಬಾರಿಗೆ ಏರಿದರು.

1890ರ ಆಗಸ್ಟಿನಲ್ಲಿ ಕಾರೆಲ್ಲನಿಗೆ 61 ವರ್ಷ. ಲಿಯೋನೆ ಸಿನಿಗಾಲ್ಯಾ ಎಂಬ 22ರ ತರುಣ ಸಂಗೀತಗಾರನನ್ನು ಕರೆದುಕೊಂಡು, ಚಾರ್ಲ್ಸ್ ಗೊರೆ ಎಂಬ ಮತ್ತೊಬ್ಬ ಮಾರ್ಗದರ್ಶಿಯೊಡನೆ ಮೇಲಿನ ತಂಗುಮನೆಗೆ ಏರಿದನು. ರಾತ್ರಿ ಬಿರುಗಾಳಿ ಎದ್ದಿತು. ಮೂವರೂ ಚಳಿಯಲ್ಲಿ ಅಲ್ಲಿಯೇ ಸಿಕ್ಕಿಬಿದ್ದರು. 25ರಂದು, ಇನ್ನು ಕಾದರೆ ಸಾವೇ ಎಂದು ಬಗೆದು ಇಳಿಯತೊಡಗಿದರು. ಬಂಡೆಗಳ ಮೇಲೆಲ್ಲ ಮಂಜುಗಡ್ಡೆ; ಕಟ್ಟಿದ್ದ ಹಗ್ಗಗಳು ಹೆಪ್ಪುಗಟ್ಟಿ ಮರದಂತಾಗಿದ್ದವು. ದಿನವಿಡೀ ಮುದುಕನು ದಾರಿ ತೋರಿಸುತ್ತ ಬಂದನು. ಅಪಾಯದ ಸ್ಥಳಗಳೆಲ್ಲ ಹಿಂದಾಗಿ, ಅತಿಥಿಯು ಇನ್ನು ಬೀಳಲಾರನೆಂಬಲ್ಲಿಗೆ ಬಂದ ಮೇಲೆ ಅವನ ಕಾಲುಗಳು ಸೋತವು. ಜತೆಯವರು ಎತ್ತಿ, ಮದ್ಯ ಕುಡಿಸಿ, ಬೆಚ್ಚಗೆ ಮಾಡಲು ನೋಡಿದರು. ಆ ರಾತ್ರಿ ಹಿಮದಲ್ಲಿಯೇ ಅವನು ಪ್ರಾಣ ಬಿಟ್ಟನು.

ಅವನು ಬಿದ್ದ ಜಾಗದಲ್ಲಿ ಒಂದು ಶಿಲುಬೆಯನ್ನು ನೆಟ್ಟಿದ್ದಾರೆ. ಅದರ ಮೇಲಕ್ಕೆ, 3,830 ಮೀಟರಿನಲ್ಲಿ, ಶಿಖರಕ್ಕೆ ಹೋಗುವವರು ರಾತ್ರಿ ಉಳಿಯುವ ತಂಗುಮನೆಗೆ ಅವನ ಹೆಸರೇ ಇದೆ. ಸಿನಿಗಾಲ್ಯಾ ಬದುಕಿಕೊಂಡು, ತನ್ನ ನಾಡಿನ ಹಳ್ಳಿಯ ಹಾಡುಗಳನ್ನು ಸಂಗ್ರಹಿಸುತ್ತ 1944ರವರೆಗೆ ಬಾಳಿದನು.