ಭೂಮಿಯ ತಿರುಗಾಟ ತೋರಿಸಿದ ಫೂಕೊ

ಭೂಮಿ ತನ್ನ ಅಕ್ಷದ ಮೇಲೆ ಸುತ್ತುತ್ತದೆಂಬುದನ್ನು 19ನೇ ಶತಮಾನದ ವಿದ್ವಾಂಸರು ಒಪ್ಪಿದ್ದರು. ಆದರೆ ಆಕಾಶ ನೋಡದೆ, ನಿಂತ ನೆಲದಲ್ಲೇ ಅದನ್ನು ಸಾಮಾನ್ಯರ ಕಣ್ಣಿಗೆ ಕಾಣಿಸುವ ದಾರಿ ಯಾರಿಗೂ ಹೊಳೆದಿರಲಿಲ್ಲ. ಆ ದಾರಿ ಕಂಡವನು ಲಿಯೋನ್ ಫೂಕೊ.

1819ರ ಸೆಪ್ಟೆಂಬರ್ 18ರಂದು ಪ್ಯಾರಿಸ್ಸಿನಲ್ಲಿ ಜನಿಸಿದ ಫೂಕೊ, ಪುಸ್ತಕ ಪ್ರಕಾಶಕರೊಬ್ಬರ ಮಗ. ವೈದ್ಯನಾಗಲು ಹೊರಟರೂ ರಕ್ತ ಕಂಡರೆ ತಾಳಲಾಗದೆ ಆ ಓದನ್ನು ಕೈಬಿಟ್ಟ. ಪತ್ರಿಕೆಗೆ ವಿಜ್ಞಾನ ವರದಿಗಳನ್ನು ಬರೆಯುತ್ತ ಮನೆಯಲ್ಲೇ ಪ್ರಯೋಗಗಳಲ್ಲಿ ತೊಡಗಿದ. ಉನ್ನತ ಗಣಿತದ ಕ್ರಮಬದ್ಧ ಶಿಕ್ಷಣ ಆತನಿಗಿರಲಿಲ್ಲ. ಪಂಡಿತರ ವಲಯದಲ್ಲಿ ಇದೇ ಆತನ ದೊಡ್ಡ ಕೊರತೆಯೆನಿಸಿತ್ತು.

ಲೇತ್ ಯಂತ್ರಕ್ಕೆ ಸಿಕ್ಕಿಸಿದ ಉದ್ದನೆಯ ಸರಳೊಂದು, ಯಂತ್ರ ತಿರುಗಿದರೂ ಮೊದಲಿನ ದಿಕ್ಕಿನಲ್ಲೇ ಕಂಪಿಸುತ್ತಿದ್ದುದನ್ನು ಆತ ಗಮನಿಸಿದ. ಹಾಗಾದರೆ ತೂಗುವ ಲೋಲಕದ ಕೆಳಗೆ ನೆಲವೇ ತಿರುಗುವುದು ಕಾಣಬೇಕಲ್ಲವೇ? ತಾಯಿಯೊಡನೆ ವಾಸವಿದ್ದ ಮನೆಯ ನೆಲಮಾಳಿಗೆಯಲ್ಲಿ 2 ಮೀಟರ್ ತಂತಿಗೆ 5 ಕಿಲೋ ತೂಕದ ಹಿತ್ತಾಳೆಯ ಗುಂಡು ಕಟ್ಟಿದ. ಮೊದಲ ಯತ್ನದಲ್ಲಿ ತಂತಿ ಹರಿಯಿತು. 1851ರ ಜನವರಿ 8ರ ನಸುಕಿನ 2 ಗಂಟೆಗೆ ಗುಂಡಿನ ಪಥ ನಿಧಾನವಾಗಿ ಹೊರಳುವುದು ಕಂಡಿತು.

ಗಣಿತಜ್ಞ ಪ್ವಾಸೋನ್ 1837ರಲ್ಲಿ, ಭೂಭ್ರಮಣದಿಂದ ಲೋಲಕದ ಮೇಲಾಗುವ ಪರಿಣಾಮ ಗಮನಕ್ಕೆ ಬಾರದಷ್ಟು ಅಲ್ಪವೆಂದು ತೀರ್ಮಾನಿಸಿದ್ದ. ಒಂದೊಂದು ತೂಗಿನಲ್ಲಿ ಅದು ಅಲ್ಪವೇ ನಿಜ. ಗಂಟೆಗಟ್ಟಲೆ ತೂಗಿದಾಗ ಕೂಡುತ್ತ ಹೋಗುತ್ತದೆಂಬುದನ್ನು ಫೂಕೊ ಹಿಡಿದ.

ಫೆಬ್ರವರಿಯಲ್ಲಿ ಪ್ಯಾರಿಸ್ ವೀಕ್ಷಣಾಲಯದಲ್ಲಿ 11 ಮೀಟರ್ ತಂತಿಯೊಡನೆ ವಿಜ್ಞಾನಿಗಳಿಗೆ ಪ್ರಯೋಗ ತೋರಿಸಿದ. ಮಾರ್ಚಿನಲ್ಲಿ ಪ್ಯಾಂಥಿಯಾನ್ ಭವನದ ಗುಮ್ಮಟದಿಂದ 67 ಮೀಟರ್ ತಂತಿಯಲ್ಲಿ 28 ಕಿಲೋ ಗುಂಡು ಇಳಿಬಿಡಲಾಯಿತು. ಗುಂಡಿನ ಮೊನೆ ಮರಳಿನ ಮೇಲೆ ಗೀರುತ್ತಿದ್ದ ಗುರುತು ಗಂಟೆಗೆ ಸುಮಾರು 11 ಡಿಗ್ರಿ ಸರಿಯುತ್ತಿತ್ತು. ನೋಡಲು ಜನ ಮುಗಿಬಿದ್ದರು. ಧ್ರುವದಲ್ಲಿ ಈ ಸುತ್ತು ಸುಮಾರು ಒಂದು ದಿನದಲ್ಲಿ ಮುಗಿದರೆ, ಪ್ಯಾರಿಸ್ಸಿನಲ್ಲಿ ಸುಮಾರು 32 ಗಂಟೆ ಬೇಕು. ಸಮಭಾಜಕದಲ್ಲಿ ಸರಿತವೇ ಇಲ್ಲ. ಅಕ್ಷಾಂಶದೊಂದಿಗೆ ಈ ವೇಗ ಬದಲಾಗುವ ಸೂತ್ರವನ್ನೂ ಗಣಿತಜ್ಞರಿಗಿಂತ ಮೊದಲೇ ಆತ ನೀಡಿದ್ದ.

1852ರಲ್ಲಿ ಗೈರೋಸ್ಕೋಪ್ ರಚಿಸಿದ. 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ನೀಡಿತು. 1862ರಲ್ಲಿ ಬೆಳಕಿನ ವೇಗವನ್ನು ಸೆಕೆಂಡಿಗೆ 2,98,000 ಕಿಲೋಮೀಟರ್ ಎಂದು ಅಳೆದ. ಆದರೆ ತನ್ನದೇ ನಗರದ ವಿಜ್ಞಾನ ಅಕಾಡೆಮಿ ಆತನಿಗೆ ಸದಸ್ಯತ್ವ ಕೊಟ್ಟದ್ದು 1865ರಲ್ಲಿ. ಅದನ್ನು ಅನುಭವಿಸಲು ಉಳಿದಿದ್ದು ಮೂರೇ ವರ್ಷ. ಪಾರ್ಶ್ವವಾಯುವಿಗೆ ತುತ್ತಾಗಿ 1868ರ ಫೆಬ್ರವರಿ 11ರಂದು, 48ರ ವಯಸ್ಸಿನಲ್ಲಿ ಕಣ್ಮುಚ್ಚಿದ.

ಪದವಿಯ ಬಲವಿಲ್ಲದ ಕೈಗಳು ಕಟ್ಟಿದ ಆ ಲೋಲಕದ ಪ್ರತಿರೂಪಗಳು ಇಂದು ದೇಶವಿದೇಶಗಳ ವಿಜ್ಞಾನ ಕೇಂದ್ರಗಳಲ್ಲಿ ತೂಗುತ್ತಿವೆ.