ಮೈಸೂರಿನ ಅರಸರು, ಲಂಡನ್ನಿನ ಪಿಟೀಲು

ಪಿಟೀಲು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಹೆಬಳೆಯಲ್ಲೋ ಹೊನ್ನಾವರದಲ್ಲೋ ಕುಳಿತು ಇದನ್ನು ಓದುತ್ತಿರುವ ನೀವು ಹಬ್ಬದ ಬಲಿಪೂಜೆಯಲ್ಲಿ ಗಾನವೃಂದದ ಜೊತೆ ಅದರ ನಾದವನ್ನು ಕೇಳಿರುತ್ತೀರಿ. ಆದರೆ ಬೆಥೋವನ್ನರ ಪಿಟೀಲು ಕಾನ್ಸರ್ಟೊ ಕೇಳಿದ್ದೀರಾ? ಒಬ್ಬ ಪಿಟೀಲುವಾದಕ ಒಂದು ಕಡೆ, ಇಡೀ ವಾದ್ಯವೃಂದ ಇನ್ನೊಂದು ಕಡೆ ಇದ್ದು ಸುಮಾರು ಮುಕ್ಕಾಲು ಗಂಟೆ ಮಾತಾಡಿಕೊಂಡಂತಿರುವ ಕೃತಿ ಅದು. 1806ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದರು. ಅದರ ಒಂದು ಪ್ರಸಿದ್ಧ ಧ್ವನಿಮುದ್ರಿಕೆಯಲ್ಲಿ ನುಡಿಸಿದ ವಾದ್ಯವೃಂದವನ್ನು ಕಷ್ಟಕಾಲದಲ್ಲಿ ಎತ್ತಿ ನಿಲ್ಲಿಸಿದ್ದು ಮೈಸೂರಿನ ಹಣವೆಂದರೆ ನಂಬುತ್ತೀರಾ?

ಆ ಹಣ ಕೊಟ್ಟವರು ಜಯಚಾಮರಾಜ ಒಡೆಯರು. 1919ರ ಜುಲೈ 18ರಂದು ಹುಟ್ಟಿದ ಅವರಿಗೆ ಎಳವೆಯಿಂದಲೇ ಪಿಯಾನೊ ಹುಚ್ಚು. ದೊಡ್ಡ ಕಛೇರಿಗಳಲ್ಲಿ ನುಡಿಸುವ ಪಿಯಾನೊವಾದಕನಾಗಬೇಕೆಂಬುದು ಅವರ ಆಸೆಯಾಗಿತ್ತು. ಆದರೆ 1940ರ ಮಾರ್ಚ್‌ನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಐದು ತಿಂಗಳೊಳಗೆ ಎರಡು ಸಾವು. ಇಪ್ಪತ್ತೊಂದರ ತರುಣ ಸಿಂಹಾಸನ ಏರಲೇಬೇಕಾಯಿತು, ಪಿಯಾನೊದ ಕನಸು ಅಲ್ಲಿಗೆ ನಿಂತಿತು. ಮನೆಯ ಹೊಣೆ ಹೆಗಲಿಗೆ ಬಿದ್ದು ಓದನ್ನೋ ಕಲೆಯನ್ನೋ ಬಿಟ್ಟುಕೊಟ್ಟ ಹಿರಿಮಗ ನಿಮ್ಮ ಮನೆಯಲ್ಲೂ ಇರಬಹುದು. ಅರಸರ ಮನೆಯಲ್ಲೂ ಹಾಗೆಯೇ ಆಯಿತು.

ನುಡಿಸುವ ಯೋಗ ತಪ್ಪಿತು, ಕೇಳುವ ಯೋಗ ತಪ್ಪಲಿಲ್ಲ. ಅರಮನೆಗೆ ಗ್ರಾಮಫೋನ್ ತಟ್ಟೆಗಳು ಬಂದು ತುಂಬಿದವು. ಕೇಳುತ್ತ ಕೇಳುತ್ತ, ಯಾರ ಸಂಗೀತ ತಟ್ಟೆಗೆ ಬಂದಿಲ್ಲವೆಂಬುದೂ ಅವರಿಗೆ ಗೊತ್ತಾಗತೊಡಗಿತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರರು ಲಂಡನ್ನಿನಲ್ಲಿ ಬಡತನದಲ್ಲಿದ್ದರು, ಹೃದಯದ ಕಾಯಿಲೆ ಬೇರೆ. ಲೋಕ ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಒಡೆಯರು ಹಣ ಕೊಟ್ಟು ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವಂತೆ ಮಾಡಿದರು. 1947ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಮೆಟ್ನರ್ ತಮ್ಮ ಮೂರು ಪಿಯಾನೊ ಕಾನ್ಸರ್ಟೊಗಳನ್ನೂ ನುಡಿಸಿದರು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. ನಾಲ್ಕು ವರ್ಷಗಳ ಬಳಿಕ ಅವರು ತೀರಿಕೊಂಡರು.

ಆ ತಟ್ಟೆಗಳಲ್ಲಿ ಜೊತೆಗೆ ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ. ವಾಲ್ಟರ್ ಲೆಗ್ ಎಂಬವರು 1945ರಲ್ಲಿ ಅದನ್ನು ಕಟ್ಟಿದ್ದರು. ಯುದ್ಧ ಮುಗಿದ ಬರಗಾಲದ ಇಂಗ್ಲೆಂಡಿನಲ್ಲಿ ಅಷ್ಟು ಜನ ವಾದಕರನ್ನು ಸಾಕುವುದು ಸುಲಭವೇ? ಲೆಗ್ ಮೈಸೂರಿಗೆ ಬಂದರು, ಅರಮನೆಯ ತಟ್ಟೆಗಳ ಸಂಗ್ರಹ ಕಂಡು ಬೆರಗಾದರು. ಒಡೆಯರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಹಣ ಕೊಡಲು ಒಪ್ಪಿದರು. ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ ಆದರು.

ಈಗ ಪಿಟೀಲಿಗೆ ಬರೋಣ. ಬೆಥೋವನ್ನರ ಕಾನ್ಸರ್ಟೊವನ್ನು ಯೆಹೂದಿ ಮೆನ್ಯುಹಿನ್ ಅವರು ಫುರ್ಟ್‌ವೆಂಗ್ಲರ್ ಎಂಬ ಜರ್ಮನ್ ನಿರ್ದೇಶಕರ ಜೊತೆ ಎರಡು ಬಾರಿ ತಟ್ಟೆಗಾಗಿ ನುಡಿಸಿದರು: 1947ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ, 1953ರಲ್ಲಿ ಲಂಡನ್ನಿನಲ್ಲಿ. ಲಂಡನ್ನಿನಲ್ಲಿ ಜೊತೆಗಿದ್ದದ್ದು ಫಿಲ್‌ಹಾರ್ಮೋನಿಯಾ. ಮೆನ್ಯುಹಿನ್ ಹೆಸರೇ ಹೇಳುವಂತೆ ಯೆಹೂದ್ಯರು. ಯುದ್ಧ ಮುಗಿದಾಗ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಬದುಕುಳಿದವರ ಮುಂದೆ ಪಿಟೀಲು ನುಡಿಸಿ ಬಂದವರು. ಫುರ್ಟ್‌ವೆಂಗ್ಲರ್ ಹಿಟ್ಲರನ ಕಾಲದಲ್ಲೂ ಜರ್ಮನಿ ಬಿಡದೆ ಅಲ್ಲೇ ಸಂಗೀತ ನಡೆಸಿದವರು. ವಿಚಾರಣೆ ಅವರನ್ನು ನಿರ್ದೋಷಿ ಎಂದಿತಾದರೂ ಹಲವರು ಕ್ಷಮಿಸಲಿಲ್ಲ. ಅಂಥವರ ಜೊತೆ ಮೆನ್ಯುಹಿನ್ ನಿಂತದ್ದಕ್ಕೆ ಅಮೆರಿಕದಲ್ಲಿ ದೊಡ್ಡ ಗದ್ದಲವೇ ಎದ್ದಿತು.

ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಎರಡೂ ನಗಾರಿಯಂಥ ವಾದ್ಯದ ನಾಲ್ಕು ಮೆಲು ಪೆಟ್ಟುಗಳಿಂದ ಶುರುವಾಗುತ್ತವೆ. ಲೂಸರ್ನಿನದರಲ್ಲಿ ಪಿಟೀಲಿಗೆ ಎಳೆಯ ಕಾವಿದೆ, ವಾದ್ಯವೃಂದ ಮಾತ್ರ ಒರಟು. ಅದು ಹಳೆಯ 78ರ ವೇಗದ ತಟ್ಟೆಗಳ ಕಾಲ, ನಾಲ್ಕೈದು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುವಬೇಕು, ಧ್ಯಾನ ಕೂಡುವಷ್ಟರಲ್ಲಿ ಸಂಗೀತ ಕಡಿಯುತ್ತಿತ್ತು. 1953ರದು ಟೇಪಿನಲ್ಲಿ ಮುದ್ರಿಸಿ ಒಂದೇ ದೊಡ್ಡ ತಟ್ಟೆಗೆ ಇಳಿಸಿದ್ದು. ಕೊಳಲಿನಂಥ ವಾದ್ಯಗಳು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತವೆ. ನಡುವಿನ ನಿಧಾನ ಭಾಗದಲ್ಲಿ ಪಿಟೀಲು ಹಾಡುವಾಗ ಉಳಿದವರು ಉಸಿರು ಹಿಡಿದು ಕಾಯುವಂತಿದೆ. ಬಲ್ಲವರು ಲೂಸರ್ನಿನದೇ ಮೇಲು ಎನ್ನುವುದುಂಟು. ಆ ಹುರುಪಿಗೆ ನಾನೂ ತಲೆದೂಗುತ್ತೇನೆ, ಆದರೆ ರಾತ್ರಿ ಊಟವಾದ ಮೇಲೆ ಮನೆಮಂದಿ ಕೂತು ಕೇಳಲು ಲಂಡನ್ನಿನದೇ ಹಿತ.

ಇದರಿಂದ ಒಡೆಯರು ನಮ್ಮ ಸಂಗೀತ ಮರೆತರೆಂದುಕೊಳ್ಳಬೇಡಿ. ವೀಣೆ ಕಲಿತರು, 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಟ್ಟು ಮೈಸೂರಿಗೆ ಸೇರಿದಾಗ ಭಟ್ಕಳಕ್ಕೂ ಕುಮಟೆಗೂ ಅವರೇ ರಾಜ್ಯಪಾಲರು. 1964ರವರೆಗೆ ಆ ಹುದ್ದೆಯಲ್ಲಿದ್ದು, ಬಳಿಕ ಮದರಾಸಿಗೂ ಹೋದರು. 1974ರ ಸೆಪ್ಟೆಂಬರ್ 23ರಂದು, ಐವತ್ತೈದರಲ್ಲೇ ತೀರಿಕೊಂಡರು.

ಒಂದು ಸಂಗತಿ ಉಳಿಯಿತು. ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನ ಬರೆದ ಕೊನೆಯ ನಾಲ್ಕು ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಿದರು. ಫ್ಲ್ಯಾಗ್‌ಸ್ಟಾಡ್ ಅವರ ಕಂಠ, ಫುರ್ಟ್‌ವೆಂಗ್ಲರರ ನಿರ್ದೇಶನ, ಅದೇ ಫಿಲ್‌ಹಾರ್ಮೋನಿಯಾ. ಖರ್ಚಿಗೆ 4,800 ಡಾಲರುಗಳ ಭರವಸೆ ಕೊಟ್ಟವರು ಒಡೆಯರು. ಅವರಿಗೆ ಹೋಗಲಾಗಲಿಲ್ಲ. ಆ ಸಂಜೆಯ ಹಾಡನ್ನು ಅವರಿಗಾಗಿಯೇ ತಟ್ಟೆಗೆ ಇಳಿಸಿ ಮೈಸೂರಿಗೆ ಕಳಿಸಿದರು. ಕರಕರ ಸದ್ದಿನ ನಡುವೆ ಆ ದನಿ ಇವತ್ತಿಗೂ ಕೇಳಸಿಗುತ್ತದೆ.