ಡಾ. ಇರಾವತಿ ಕರ್ವೆ: ಅಳೆದು, ನಡೆದು, ನೋಡಿ ಬರೆದ ಪ್ರಾಧ್ಯಾಪಕಿ

ಭಾರತದಲ್ಲಿ ಮಾನವಶಾಸ್ತ್ರವನ್ನು ವೃತ್ತಿಯಾಗಿ ಕೈಗೊಂಡ ಮೊದಲ ಮಹಿಳೆಯರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಹೆಸರು ಡಾ. ಇರಾವತಿ ಕರ್ವೆ ಅವರದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅವರು ಮೂರು ದಶಕ ಕೆಲಸ ಮಾಡಿದರು. ಅದಕ್ಕೂ ಮೊದಲು ಮಹಿಳಾ ವಿಶ್ವವಿದ್ಯಾಲಯವೊಂದರ ಕುಲಸಚಿವೆಯಾಗಿದ್ದರು. ಗುಜರಾತಿನ ಮರಳುದಿಬ್ಬಗಳಲ್ಲಿ ಪ್ರಾಚೀನ ಮಾನವರ ಅಸ್ಥಿಪಂಜರಗಳನ್ನು ಅಗೆದು ತೆಗೆದವರ ತಂಡದಲ್ಲಿ ಇದ್ದರು. ಮರಾಠಿಯಲ್ಲಿ ಲಲಿತ ಪ್ರಬಂಧಗಳನ್ನು ಬರೆದು ಮನೆಮಾತಾದರು, ಮಹಾಭಾರತದ ಪಾತ್ರಗಳನ್ನು ಕುರಿತ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಮ್ಮ ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಿರಿಯರಿಗೆ ಈ ಹೆಸರು ಹೊಸದಲ್ಲ. ಉಳಿದವರಿಗಾಗಿ ಅವರ ಬದುಕಿನ ಪರಿಚಯ ಇಲ್ಲಿದೆ.

ಇರಾವತಿ ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಆಗಿನ ಬರ್ಮಾ ದೇಶದ ಮಿಂಗ್ಯಾನ್ ಎಂಬ ಊರಿನಲ್ಲಿ. ತಂದೆ ಗಣೇಶ ಹರಿ ಕರ್ಮರ್ಕರ್ ಅಲ್ಲಿನ ಹತ್ತಿ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದರು. ಬರ್ಮಾದ ದೊಡ್ಡ ನದಿ ಐರಾವತಿಯ ಹೆಸರನ್ನೇ ಮಗಳಿಗೆ ಇಟ್ಟರು. ಏಳನೆಯ ವಯಸ್ಸಿಗೆ ಆಕೆಯನ್ನು ಪುಣೆಯ ಹುಜೂರ್‌ಪಾಗಾ ಕನ್ಯಾಶಾಲೆಗೆ ಕಳುಹಿಸಲಾಯಿತು. ಅಲ್ಲಿ ಶಕುಂತಲಾ ಪರಾಂಜಪೆ ಎಂಬ ಹುಡುಗಿಯ ಗೆಳೆತನವಾಯಿತು. ಆಕೆಯ ತಂದೆ ಪ್ರಸಿದ್ಧ ಗಣಿತಜ್ಞ, ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲ ರ್‍ಯಾಂಗ್ಲರ್ ಪರಾಂಜಪೆ. ಗೆಳತಿಯ ಮನೆಯೇ ಇರಾವತಿಯ ಎರಡನೆಯ ಮನೆಯಾಯಿತು. ಪುಸ್ತಕ, ಚರ್ಚೆ, ಪ್ರಶ್ನೆ ಕೇಳುವ ಧೈರ್ಯ ಎಲ್ಲವೂ ಆ ಮನೆಯ ಕೊಡುಗೆ ಎನ್ನಬಹುದು. ಫರ್ಗ್ಯುಸನ್‌ನಲ್ಲಿ ತತ್ವಶಾಸ್ತ್ರದ ಪದವಿ ಮುಗಿಸಿ, ಮುಂಬಯಿಯಲ್ಲಿ ಸಮಾಜಶಾಸ್ತ್ರದ ಪ್ರೊ. ಜಿ. ಎಸ್. ಘುರ್ಯೆ ಅವರ ಕೈಕೆಳಗೆ 1928ರಲ್ಲಿ ಎಂ.ಎ. ಮಾಡಿದರು. ಪ್ರಬಂಧದ ವಿಷಯ ತಮ್ಮದೇ ಚಿತ್ಪಾವನ ಸಮುದಾಯ.

ಈ ನಡುವೆ ದಿನಕರ ಧೋಂಡೋ ಕರ್ವೆ ಅವರೊಡನೆ ಮದುವೆಯಾಯಿತು. ದಿನಕರರು ಫರ್ಗ್ಯುಸನ್‌ನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು, ಮಹರ್ಷಿ ಧೋಂಡೋ ಕೇಶವ ಕರ್ವೆ ಅವರ ಮಗ. ಮಹರ್ಷಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1893ರಲ್ಲಿ ವಿಧವೆಯೊಬ್ಬರನ್ನು ಮದುವೆಯಾಗಿ ಊರವರ ಬಹಿಷ್ಕಾರ ಎದುರಿಸಿದವರು, ವಿಧವೆಯರಿಗೆ ಆಶ್ರಮ ಕಟ್ಟಿದವರು, 1916ರಲ್ಲಿ ಮಹಿಳೆಯರಿಗಾಗಿಯೇ ವಿಶ್ವವಿದ್ಯಾಲಯ ಸ್ಥಾಪಿಸಿದವರು. ಆದರೆ ತಮ್ಮ ಸೊಸೆ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ಹೋಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ದೇಶದ ಹೆಣ್ಣುಮಕ್ಕಳಿಗೆಲ್ಲ ವಿದ್ಯೆ ಬೇಕೆಂದವರು ಮನೆಯ ಹೆಣ್ಣುಮಗಳ ವಿಷಯಕ್ಕೆ ಬಂದಾಗ ಹಿಂಜರಿದರು. ಇದು ಮಹರ್ಷಿಗಳನ್ನು ಸಣ್ಣವರನ್ನಾಗಿ ಮಾಡಲು ಹೇಳುತ್ತಿರುವ ಮಾತಲ್ಲ. ಆ ಕಾಲದಲ್ಲಿ ಸುಧಾರಣೆಗೂ ಒಂದು ಹೊಸಿಲು ಇತ್ತು, ಇರಾವತಿ ಅದನ್ನೂ ದಾಟಬೇಕಾಯಿತು. ಗಂಡ ಜತೆಗೆ ನಿಂತರು. ಹಣವನ್ನು ಡಾ. ಜೀವರಾಜ ಮೆಹ್ತಾ ಅವರಿಂದ ಸಾಲವಾಗಿ ಪಡೆದು ಇರಾವತಿ ಬರ್ಲಿನ್‌ಗೆ ಹೊರಟರು.

ಬರ್ಲಿನ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯಲ್ಲಿ ಅವರ ಮಾರ್ಗದರ್ಶಕ ಓಯ್ಗನ್ ಫಿಷರ್. ಜನಾಂಗಗಳಲ್ಲಿ ಮೇಲು ಕೀಳು ಇದೆ, ಅದು ದೇಹದಲ್ಲೇ ಬರೆದಿದೆ ಎಂದು ನಂಬಿದ್ದ ವಿಜ್ಞಾನಿ. ಮುಂದೆ ನಾಜಿಗಳ ಕಾಲದಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದವರು ಇವರೇ. ಮನುಷ್ಯನ ತಲೆಬುರುಡೆ ಎಡಕ್ಕೂ ಬಲಕ್ಕೂ ಸರಿಸಮವಾಗಿರುವುದಿಲ್ಲ. ಈ ಅಸಮತೆ ಯುರೋಪಿನ ಬಿಳಿಯರಲ್ಲಿ ಹೆಚ್ಚು, ಅದಕ್ಕೂ ಅವರ ಬುದ್ಧಿಶಕ್ತಿಗೂ ಸಂಬಂಧವಿದೆ ಎಂಬುದು ಫಿಷರ್ ಅವರ ಊಹೆ. ಅದನ್ನು ಸಾಬೀತು ಮಾಡುವ ಕೆಲಸ ಭಾರತದಿಂದ ಬಂದ ವಿದ್ಯಾರ್ಥಿನಿಯ ಪಾಲಿಗೆ ಬಂತು. ಸಂಸ್ಥೆಯ ಸಂಗ್ರಹದಲ್ಲಿದ್ದ ಬುರುಡೆಗಳಲ್ಲಿ ಜರ್ಮನಿಯ ಆಫ್ರಿಕನ್ ವಸಾಹತುಗಳಿಂದ ತಂದವೂ ಇದ್ದವು. ಇರಾವತಿ ಬುರುಡೆಗಳನ್ನು ಒಂದೊಂದಾಗಿ ಅಳೆದರು, ಲೆಕ್ಕ ಹಾಕಿದರು. ಅಸಮತೆ ಎಲ್ಲ ಜನಾಂಗಗಳಲ್ಲೂ ಕಂಡಿತು. ಜನಾಂಗಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಗುರುಗಳಿಗೆ ಬೇಕಾದ ಉತ್ತರ ಬರಲಿಲ್ಲ, ಬಂದ ಉತ್ತರವನ್ನೇ ಅವರು ಬರೆದರು. 1930ರಲ್ಲಿ ಡಾಕ್ಟರೇಟ್ ದೊರೆಯಿತು.

ಪರದೇಶದಲ್ಲಿ, ಸಾಲದ ಹಣದಲ್ಲಿ ಓದುತ್ತಿದ್ದ ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳು ಪದವಿ ಕೊಡಬೇಕಾದ ಗುರುವಿನ ಸಿದ್ಧಾಂತವನ್ನೇ ಅಲ್ಲಗಳೆಯುವುದೆಂದರೆ ಏನೆಂದು ಓದುಗರೇ ಊಹಿಸಿಕೊಳ್ಳಬಹುದು.

ಭಾರತಕ್ಕೆ ಮರಳಿದ ಮೇಲೆ ಸಿಕ್ಕ ಮೊದಲ ಕೆಲಸ ಪಾಠ ಹೇಳುವುದಲ್ಲ. ಮಾವನವರೇ ಕಟ್ಟಿದ ಮಹಿಳಾ ವಿಶ್ವವಿದ್ಯಾಲಯಕ್ಕೆ 1931ರಿಂದ 1936ರವರೆಗೆ ಕುಲಸಚಿವೆ. ಕಡತ, ಪರೀಕ್ಷೆ, ಲೆಕ್ಕಪತ್ರ. ಆ ಕೆಲಸ ಅವರ ಮನಸ್ಸಿಗೆ ಹಿಡಿಸಲಿಲ್ಲ. 1939ರಲ್ಲಿ ಡೆಕ್ಕನ್ ಕಾಲೇಜು ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆದಾಗ ಸಮಾಜಶಾಸ್ತ್ರದ ರೀಡರ್ ಆಗಿ ಸೇರಿದರು. ಅಲ್ಲಿಂದ ಮುಂದೆ ಅದೇ ಅವರ ಕರ್ಮಭೂಮಿ. ಪುಣೆ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ವಿಭಾಗಕ್ಕೆ ಬುನಾದಿ ಹಾಕಿದವರೂ ಅವರೇ. 1947ರಲ್ಲಿ ದೆಹಲಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಮಾನವಶಾಸ್ತ್ರ ವಿಭಾಗದ ಅಧ್ಯಕ್ಷತೆ ವಹಿಸಿದರು. ಲಂಡನ್ನಿಗೂ ಅಮೆರಿಕದ ಬರ್ಕ್‌ಲಿಗೂ ಆಹ್ವಾನ ಬಂತು, ಹೋಗಿಬಂದರು.

ಅದೇ ಕಾಲೇಜಿನ ಪುರಾತತ್ವಜ್ಞ ಎಚ್. ಡಿ. ಸಾಂಕಳಿಯಾ ಅವರ ಜತೆ 1940ರ ದಶಕದಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಲಾಂಘಣಜ್‌ಗೆ ಹೋದರು. ಸಣ್ಣ ಕಲ್ಲಿನ ಉಪಕರಣ ಬಳಸುತ್ತಿದ್ದ ಜನರ ಅಸ್ಥಿಪಂಜರಗಳು ಅಲ್ಲಿ ಸಿಕ್ಕವು. ಸಾಂಕಳಿಯಾ ಕಲ್ಲುಗಳನ್ನು ಓದಿದರೆ ಇರಾವತಿ ಮೂಳೆಗಳನ್ನು ಓದಿದರು. ಬರ್ಲಿನ್‌ನಲ್ಲಿ ಕಲಿತ ಅಳತೆ ಇಲ್ಲಿ ಬೇರೆ ಕೆಲಸಕ್ಕೆ ಬಂತು.

ಅವರ ಹೆಸರನ್ನು ದೇಶವಿದೇಶಗಳಲ್ಲಿ ನಿಲ್ಲಿಸಿದ ಗ್ರಂಥ 1953ರಲ್ಲಿ ಬಂದ ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ಇಂಗ್ಲಿಷ್ ಕೃತಿ. ಯಾರು ಯಾರನ್ನು ಮದುವೆಯಾಗಬಹುದು, ಯಾರು ಯಾರಿಗೆ ಏನೆಂದು ಕರೆಯುತ್ತಾರೆ ಎಂಬುದನ್ನು ಪ್ರಾಂತ ಪ್ರಾಂತ ತಿರುಗಿ ಅವರು ಸಂಗ್ರಹಿಸಿದರು. ಬಂಧುತ್ವದ ದೃಷ್ಟಿಯಿಂದ ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯ ಮಾಡಿದರು. ಈ ವಲಯಗಳು ಹೆಚ್ಚಾಗಿ ಭಾಷೆಯ ಗಡಿಗಳ ಜತೆಗೇ ಸಾಗುತ್ತವೆ.

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ನಾವು ತಾಯಿಯ ತಮ್ಮನನ್ನೂ ಮಾವ ಎನ್ನುತ್ತೇವೆ, ಗಂಡನ ಅಥವಾ ಹೆಂಡತಿಯ ತಂದೆಯನ್ನೂ ಮಾವ ಎನ್ನುತ್ತೇವೆ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಏಕೆಂದರೆ ಸೋದರಮಾವನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು, ಕೆಲವೊಮ್ಮೆ ಸೋದರಮಾವನಿಗೇ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹಿಂದಿಯಲ್ಲಿ ಮಾಮಾ ಬೇರೆ, ಸಸುರ ಬೇರೆ. ಬುವಾ ಬೇರೆ, ಸಾಸ ಬೇರೆ. ಅಲ್ಲಿ ಹುಟ್ಟಿದ ಮನೆಯೂ ಮೆಟ್ಟಿದ ಮನೆಯೂ ಎರಡು ಲೋಕ. ಉತ್ತರದ ಮದುಮಗಳು ಅಪರಿಚಿತರ ನಡುವೆ ಕಾಲಿಡುತ್ತಾಳೆ, ದಕ್ಷಿಣದ ಮದುಮಗಳು ಬಾಲ್ಯದಿಂದ ಕಂಡ ಮನೆಗೇ ಹೋಗುತ್ತಾಳೆ. ಮಹಾರಾಷ್ಟ್ರ ಎರಡರ ನಡುವೆ ನಿಂತಿದೆ. ಅಲ್ಲಿ ಸೋದರಮಾವನ ಮಗಳನ್ನು ತರಬಹುದು, ಸೋದರತ್ತೆಯ ಮಗಳನ್ನು ತರುವುದಕ್ಕೆ ಒಪ್ಪಿಗೆಯಿಲ್ಲ. ಹೆಣ್ಣಿನ ಬದುಕಿನ ಸುಖದುಃಖಕ್ಕೆ ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ಇರಾವತಿ ಸ್ಪಷ್ಟವಾಗಿ ಕಂಡರು.

ನಮ್ಮ ಸಮಾಜಕ್ಕೇ ಇದನ್ನು ಅನ್ವಯಿಸಿ ನೋಡಬಹುದು. ಉದಾಹರಣೆ ನಮ್ಮದು, ಅವರದಲ್ಲ. ಹುಬ್ಬಳ್ಳಿಯಲ್ಲಿ ನೆಲೆಸಿದ ಮಾರವಾಡಿ ಓಸವಾಲ ಮನೆತನದವರು ಸಂಬಂಧ ನೋಡುವಾಗ ತಂದೆಯ ಗೋತ್ರದ ಜತೆಗೆ ತಾಯಿಯ ಗೋತ್ರವನ್ನೂ ಬಿಡುತ್ತಾರೆ. ಅವರಿಗೆ ಸೋದರಮಾವನ ಮಗಳೆಂದರೆ ತಂಗಿ. ಬೆಳಗಾವಿ ಕಡೆಯ ದಿಗಂಬರ ಜೈನ ರೈತ ಮನೆತನದಲ್ಲಿ ಅದೇ ಹುಡುಗಿ ಮೊದಲು ಕೇಳಬೇಕಾದ ಸಂಬಂಧ. ತುಳುನಾಡಿನ ಜೈನರಲ್ಲಿ ಅಳಿಯಸಂತಾನದ ಪದ್ಧತಿಯೇ ನಡೆದು ಬಂದಿತ್ತು, ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಮೂವರೂ ಹೇಳುವ ಣಮೋಕಾರ ಮಂತ್ರ ಒಂದೇ. ಮದುವೆಯ ನಿಯಮ ಮಾತ್ರ ಅವರವರ ನೆಲದ್ದು. ಬೀಗತನದ ಮಾತುಕತೆಗಳಲ್ಲಿ ಒಬ್ಬರ ಪದ್ಧತಿಯನ್ನು ಇನ್ನೊಬ್ಬರು ಹಗುರಾಗಿ ಆಡಿಕೊಳ್ಳುವುದನ್ನು ಕೇಳಿದಾಗಲೆಲ್ಲ ಈ ಗ್ರಂಥದ ನೆನಪಾಗುತ್ತದೆ.

ಜಾತಿಯ ವಿಷಯದಲ್ಲೂ ಅವರು ಗುರು ಘುರ್ಯೆ ಅವರಿಂದ ಬೇರೆಯಾದರು. ಒಂದು ದೊಡ್ಡ ಜಾತಿ ಒಡೆದು ಉಪಜಾತಿಗಳಾದವು ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ. ಮಹಾರಾಷ್ಟ್ರದ ಕುಂಬಾರರನ್ನು ನೋಡಿ ಇರಾವತಿ ಬೇರೆ ಮಾತು ಹೇಳಿದರು. ಎಲ್ಲರನ್ನೂ ಕುಂಬಾರರೆಂದೇ ಕರೆದರೂ ಅವರ ತಿಗರಿ ಬೇರೆ, ಕೆಲಸದ ರೀತಿ ಬೇರೆ, ಮೈಕಟ್ಟಿನ ಅಳತೆಗಳೂ ಬೇರೆ. ಒಳಗೊಳಗೇ ಹೆಣ್ಣು ಕೊಟ್ಟು ತರುವ ಚಿಕ್ಕ ಗುಂಪುಗಳೇ ನಿಜವಾದ ಘಟಕ, ಅವು ಪಕ್ಕಪಕ್ಕ ಬಂದು ನಿಂತು ದೊಡ್ಡ ಹೆಸರೊಂದನ್ನು ಹೊತ್ತಿವೆ ಎಂದರು. 1961ರ ಹಿಂದೂ ಸಮಾಜವನ್ನು ಕುರಿತ ಪುಸ್ತಕದಲ್ಲಿ ಈ ವಾದ ಪೂರ್ಣವಾಗಿ ಬಂದಿದೆ.

ಒಂದು ಮಾತು ಹೇಳದಿದ್ದರೆ ಚಿತ್ರ ಅಪೂರ್ಣ. ಜನಾಂಗದ ಶ್ರೇಷ್ಠತೆಯನ್ನು ಒಪ್ಪದ ಇರಾವತಿ, ದೇಹದ ಅಳತೆಯಿಂದ ಗುಂಪುಗಳ ಇತಿಹಾಸ ತಿಳಿಯಬಹುದೆಂಬ ನಂಬಿಕೆಯನ್ನು ಕಡೆಯವರೆಗೂ ಬಿಡಲಿಲ್ಲ. ತಲೆ, ಮೂಗು, ಎತ್ತರಗಳನ್ನು ಅಳೆಯುತ್ತಲೇ ಹೋದರು. ಇಂದಿನ ವಿದ್ವಾಂಸರು ಅವರ ಆ ಭಾಗದ ಕೆಲಸವನ್ನು ಅನುಮಾನದಿಂದಲೇ ನೋಡುತ್ತಾರೆ. ಅನುಮಾನ ನ್ಯಾಯವಾದದ್ದೇ.

ಪುಣೆಯ ಜನ ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. ಆ ಊರಿನಲ್ಲಿ ಸ್ಕೂಟರ್ ಓಡಿಸಿದ ಮೊದಲ ಮಹಿಳೆ ಅವರು. ಕುಂಕುಮ, ಮಂಗಳಸೂತ್ರ ಧರಿಸುತ್ತಿರಲಿಲ್ಲ. ಗಂಡನನ್ನು ದಿನೂ ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ದಿನಕರರು ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿದ್ದರೂ ಮನೆಯ ಎಷ್ಟೋ ಜವಾಬ್ದಾರಿಯನ್ನು ತಾವೇ ಹೊತ್ತು ಹೆಂಡತಿಯ ತಿರುಗಾಟಕ್ಕೆ ಅನುವು ಮಾಡಿಕೊಟ್ಟರು. ಮಗ ಆನಂದ ಸಸ್ಯವಿಜ್ಞಾನಿಯಾದರು, ಹೆಣ್ಣುಮಕ್ಕಳಾದ ಜಾಯಿ ನಿಂಬಕರ್ ಮತ್ತು ಗೌರಿ ದೇಶಪಾಂಡೆ ಇಬ್ಬರೂ ಹೆಸರಾಂತ ಲೇಖಕಿಯರು. ಇಷ್ಟಾದರೂ ಇರಾವತಿಯವರ ಪ್ರಸಿದ್ಧ ಪ್ರಬಂಧ ‘ಪರಿಪೂರ್ತಿ’ ಓದಿದರೆ ಅಚ್ಚರಿಯಾಗುತ್ತದೆ. ಸಭೆಯೊಂದರಲ್ಲಿ ಅವರನ್ನು ಇಂಥವರ ಸೊಸೆ, ಇಂಥವರ ಹೆಂಡತಿ, ಇಷ್ಟು ಓದಿದವರು ಎಂದೆಲ್ಲ ಪರಿಚಯಿಸುತ್ತಾರೆ. ಏನೋ ಕೊರತೆ ಎನಿಸುತ್ತದೆ. ಆಮೇಲೆ ದಾರಿಯಲ್ಲಿ ಆಡುತ್ತಿದ್ದ ಹುಡುಗರು ನಮ್ಮ ತರಗತಿಯ ಕರ್ವೆಯ ತಾಯಿ ಎಂದು ಗುರುತಿಸಿದಾಗ ಪರಿಚಯ ಪೂರ್ಣವಾಯಿತು ಎಂದುಕೊಳ್ಳುತ್ತಾರೆ. ಇದು ವಿನೋದವೋ, ಚುಚ್ಚುಮಾತೋ, ನಿಜವಾದ ತೃಪ್ತಿಯೋ? ಓದುಗರು ಇಂದಿಗೂ ಚರ್ಚಿಸುತ್ತಾರೆ. ಮೂರೂ ಇರಬಹುದು ಎಂದು ನಮಗೆ ತೋರುತ್ತದೆ.

ಪಂಢರಪುರದ ವಾರಿಯಲ್ಲಿ ವಾರಕರಿಗಳ ಜತೆ ಕಾಲ್ನಡಿಗೆಯಲ್ಲಿ ಹೋದ ಅನುಭವವನ್ನೂ ಬರೆದಿದ್ದಾರೆ. ನಮ್ಮ ಉತ್ತರ ಕರ್ನಾಟಕದಿಂದಲೂ ಸಾವಿರಾರು ಜನ ಹೋಗುವ ಯಾತ್ರೆ ಅದು. ದಾರಿಯುದ್ದಕ್ಕೂ ಎಲ್ಲರೂ ಒಟ್ಟಿಗೆ ಹಾಡುತ್ತಾರೆ, ಊಟದ ಹೊತ್ತಿಗೆ ಬ್ರಾಹ್ಮಣರ ಒಲೆ ಬೇರೆ, ಮರಾಠರ ಒಲೆ ಬೇರೆ. ಭಕ್ತಿಯ ಮಹಾಪೂರದ ನಡುವೆಯೂ ಅವರ ಕಣ್ಣು ಅದನ್ನು ತಪ್ಪಿಸಿಕೊಳ್ಳಲಿಲ್ಲ, ಮನಸ್ಸು ನೊಂದದ್ದನ್ನೂ ಮುಚ್ಚಿಡಲಿಲ್ಲ.

‘ಯುಗಾಂತ’ ಮರಾಠಿಯಲ್ಲಿ ಬಂದದ್ದು 1967ರಲ್ಲಿ. ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪವಾಡಗಳನ್ನು ಬದಿಗಿಟ್ಟು ಮಹಾಭಾರತದ ಭೀಷ್ಮ, ಗಾಂಧಾರಿ, ಕುಂತಿ, ದ್ರೌಪದಿ, ಕರ್ಣರನ್ನು ಮನುಷ್ಯರಾಗಿ ನೋಡುವ ಪುಸ್ತಕ. ಭೈರಪ್ಪನವರ ‘ಪರ್ವ’ ಬಂದದ್ದು ಇದಾದ ಹನ್ನೆರಡು ವರ್ಷಕ್ಕೆ. ಆದರೆ ಭಾರತದ ಕಥೆಯನ್ನು ಲೌಕಿಕವಾಗಿ ಹೇಳುವುದು ಜೈನರಿಗೆ ಹೊಸತೇನಲ್ಲ, ನಮ್ಮ ಪಂಪ 941ರ ಹೊತ್ತಿಗೇ ಆ ಕೆಲಸ ಮಾಡಿದ್ದ. ಭೀಷ್ಮನ ತ್ಯಾಗವನ್ನು ಎಲ್ಲರೂ ಹೊಗಳುವಾಗ ಇರಾವತಿ ಆ ತ್ಯಾಗದ ಬೆಲೆ ಕೊಟ್ಟ ಹೆಣ್ಣುಮಕ್ಕಳು ಯಾರು ಎಂದು ಲೆಕ್ಕ ಕೇಳುತ್ತಾರೆ. ನಮ್ಮ ಓದುಗರು ತಪ್ಪದೆ ಓದಬೇಕಾದದ್ದು ಖಾಂಡವ ದಹನದ ಭಾಗ. ಕೃಷ್ಣಾರ್ಜುನರು ಕಾಡಿಗೆ ಬೆಂಕಿ ಹಚ್ಚಿ, ತಪ್ಪಿಸಿಕೊಂಡು ಓಡಿಬಂದ ಪ್ರಾಣಿ, ಪಕ್ಷಿ, ನಾಗರನ್ನು ಒಳಕ್ಕೇ ಅಟ್ಟಿ ಕೊಂದದ್ದನ್ನು ವೀರಕೃತ್ಯವೆಂದು ಅವರು ಒಪ್ಪುವುದಿಲ್ಲ. ಹೊಲಕ್ಕಾಗಿ, ರಾಜ್ಯಕ್ಕಾಗಿ ನಡೆದ ಕ್ರೂರ ಸಂಹಾರವೆಂದೇ ಬರೆಯುತ್ತಾರೆ. ಜಿನಾಲಯದ ಪ್ರವಚನದಲ್ಲಿ ಅಲ್ಲ, ವ್ಯಾಸಭಾರತವನ್ನು ಪ್ರೀತಿಸಿ ಓದಿದ ಮನೆಯೊಳಗಿನಿಂದಲೇ ಈ ಮಾತು ಬಂದಿದೆ ಎಂಬುದಕ್ಕೆ ಹೆಚ್ಚಿನ ತೂಕವಿದೆ.

ಕೊನೆಯ ವರ್ಷಗಳಲ್ಲಿ ಅವರು ಮತ್ತೆ ಹಳ್ಳಿಗಳಿಗೆ ಹೋದರು. ಕೊಯ್ನಾ ಅಣೆಕಟ್ಟಿನಿಂದ ಮನೆ, ಹೊಲ ಕಳೆದುಕೊಂಡವರು ಎಲ್ಲಿ ಹೋದರು, ಹೇಗಿದ್ದಾರೆ ಎಂಬ ಸಮೀಕ್ಷೆಯನ್ನು ಮಗಳು ಜಾಯಿ ಜತೆಗೂಡಿ ನಡೆಸಿದರು. ಅಣೆಕಟ್ಟುಗಳನ್ನು ದೇಶ ದೇವಾಲಯಗಳೆಂದು ಕೊಂಡಾಡುತ್ತಿದ್ದ ಕಾಲದಲ್ಲಿ ನಿರಾಶ್ರಿತರ ಮನೆಬಾಗಿಲಿಗೆ ಹೋಗಿ ಕೇಳಿದ ಸಂಶೋಧಕರು ಬಹಳ ಕಡಿಮೆ. ವರದಿ 1969ರಲ್ಲಿ ಪ್ರಕಟವಾಯಿತು. ಅದೇ ವರ್ಷ ತಾವೇ ಇಂಗ್ಲಿಷಿಗೆ ತಂದ ‘ಯುಗಾಂತ’ವೂ ಬಂತು. 1970ರ ಆಗಸ್ಟ್ 11ರಂದು, 64ನೆಯ ವಯಸ್ಸಿನಲ್ಲಿ ಇರಾವತಿ ಕರ್ವೆ ತೀರಿಕೊಂಡರು.